ಹಾಸಿಗೆಯ ಪಕ್ಕದ ಕುರ್ಚಿ

ಬೊಗೊಟಾ, 12 ಮಾರ್ಚ್ 1999

ಅಮ್ಮಾ,

ನಿನ್ನೆ ಮಧ್ಯಾಹ್ನ ತಲೆಗೆ ಅಂಟಿಸಿದ್ದ ವೈರುಗಳನ್ನೆಲ್ಲ ಬಿಚ್ಚಿದರು. ನೀನು ಬೆಳಗಿನ ಬಸ್ಸಿಗೇ ಹೊರಟುಹೋಗಿದ್ದೆ. ಪರೀಕ್ಷೆ ಮುಗಿಯಿತು, ಫಲ ಸಿಗಲಿಲ್ಲ. ನಾನು ಊರಿಗೆ ಬರುತ್ತಿಲ್ಲ. ಇಲ್ಲೇ ಅತ್ತೆ ತುಲಿಯಳ ಮನೆಯಲ್ಲಿದ್ದೇನೆ.

ಯಾಕೆಂದು ಡಾಕ್ಟರಮ್ಮ ನಿನಗೆ ಹೇಳುವ ಮೊದಲೇ ನೀನು ಹೋದದ್ದರಿಂದ ನಾನೇ ಬರೆಯಬೇಕಾಗಿದೆ. ಅವರು ನನ್ನನ್ನು ಟೀವಿ ಇರುವ ಕೋಣೆಗೆ ಕರೆದು ಕೂರಿಸಿ, ಕ್ಯಾಮೆರಾ ಹಿಡಿದದ್ದನ್ನು ತೋರಿಸಿದರು. ನನ್ನ ಮೂರ್ಛೆಯನ್ನು ನಾನು ಮೊದಲ ಸಲ ನೋಡಲಿದ್ದೆ. ಹನ್ನೊಂದನೆಯ ವಯಸ್ಸಿನಿಂದ ಬರುತ್ತಿದ್ದರೂ ಅದು ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಅದು ಬಂದಾಗ ನಾನು ಅಲ್ಲಿರುವುದಿಲ್ಲ, ಎಚ್ಚರವಾದಾಗ ನೀನಿರುತ್ತೀಯ. ಗಾಬರಿಯೂ ಆಗಿತ್ತು, ನಿಜ ಹೇಳಬೇಕೆಂದರೆ ಆಸೆಯೂ ಆಗಿತ್ತು.

ಮೊದಲು ಹಾಸಿಗೆ ಕಂಡಿತು. ತಲೆಗೆ ಬಿಳಿಯ ಪಟ್ಟಿ ಸುತ್ತಿಕೊಂಡು ನಾನು ಕೂತಿದ್ದೇನೆ. ಪಕ್ಕದ ಕುರ್ಚಿಯಲ್ಲಿ ನೀನು ಜಪಮಾಲೆ ಹಿಡಿದಿದ್ದೀಯ. ನಾನು ಬೆಲ್ಲದ ನೀರು ಕುಡಿದು ಲೋಟ ಕೆಳಗಿಡುತ್ತೇನೆ. ಅಷ್ಟೇ, ಇನ್ನೇನೂ ಆಗಿಲ್ಲ, ಆಗಲೇ ನೀನು ಎದ್ದೆ. ಯಂತ್ರದ ಗೆರೆಗಳು ಕೂಡ ಅದೇ ಗಳಿಗೆಯಲ್ಲಿ ಏಳಲು ಶುರುವಾಗಿದ್ದವಂತೆ. “ನಿನ್ನಮ್ಮನಿಗೆ ಹೇಗೆ ಗೊತ್ತಾಯ್ತು?” ಎಂದು ಡಾಕ್ಟರಮ್ಮ ಬೆರಗಾದರು. ಆಮೇಲೆ ನೀನು ಶಾಲು ಬಿಚ್ಚಿದೆ. ಅಲ್ಲಿಂದ ಮುಂದೆ ಕಾಣುವುದು ನಿನ್ನ ಬೆನ್ನು, ನಿನ್ನ ಕರಿ ಶಾಲು, ಅದರಡಿಯಿಂದ ಹೊರಗೆ ಚಾಚಿದ ನನ್ನ ಒಂದು ಪಾದ. ನೀನು ವಿಶ್ವಾಸ ಪ್ರಾರ್ಥನೆ ಹೇಳುತ್ತಿರುವುದು ಕೇಳಿಸುತ್ತದೆ. ಆಮೇಲೆ ನರ್ಸ್ ಗ್ಲಾದಿಸ್ ಓಡಿಬರುತ್ತಾಳೆ.

“ದೊಡ್ಡಮ್ಮಾ, ಶಾಲು ತೆಗೀರಿ, ಕ್ಯಾಮೆರಾಕ್ಕೆ ಏನೂ ಕಾಣ್ತಿಲ್ಲ!”

“ಕಾಣಬಾರ್ದು ಅಂತಾನೇ ಹಾಕಿರೋದು. ಹೆಣ್ಣುಮಗಳು.”

“ಅಯ್ಯೋ, ಮಾತ್ರೆ ನಿಲ್ಸಿ ಇಷ್ಟು ದಿನದಿಂದ ನಾವು ಇದನ್ನೇ ಕಾಯ್ತಾ ಕೂತಿರೋದು!”

“ಕಾಯ್ಕೊಂಡು ಕೂತಿರಿ. ನನ್ನ ಮಗಳೇನು ಸಿನಿಮಾ ಅಲ್ಲ.”

ನೀನು ತಬ್ಬಿ ಹಿಡಿದದ್ದರಲ್ಲಿ ಒಂದು ಕಡೆಯ ವೈರುಗಳೆಲ್ಲ ಕಿತ್ತುಹೋಗಿವೆ. ಹೀಗಾಗಿ ಗೆರೆಗಳೂ ಪೂರ್ತಿಯಿಲ್ಲ, ಚಿತ್ರವೂ ಇಲ್ಲ.

ನನ್ನ ಮಿದುಳಿನಲ್ಲಿ ಎಲ್ಲೋ ಒಂದು ಹಳೆಯ ಗಾಯದ ಕಲೆಯಿದೆಯಂತೆ. ಎಡಕ್ಕೋ ಬಲಕ್ಕೋ ತಿಳಿದರೆ ಅದನ್ನು ತೆಗೆಯಬಹುದು. ತಿಳಿಯದಿದ್ದರೆ ಯಾವ ಸರ್ಜನ್ನೂ ಮುಟ್ಟುವುದಿಲ್ಲ. ಯಾವ ಕೈ ಮೊದಲು ಸೆಟೆದುಕೊಳ್ಳುತ್ತದೆ, ತಲೆ ಯಾವ ಕಡೆ ತಿರುಗುತ್ತದೆ, ಇಷ್ಟನ್ನು ನೋಡಲಿಕ್ಕೆ ನನ್ನನ್ನು ಅಲ್ಲಿ ಮಲಗಿಸಿದ್ದು. “ಅಮ್ಮನನ್ನು ಕೇಳಿ, ಅಮ್ಮನಿಗೆ ಎಲ್ಲ ಗೊತ್ತು” ಎಂದೆ. ಕೇಳಿದ್ದಾಗಿದೆ ಎಂದರು ಡಾಕ್ಟರಮ್ಮ. ವಾರ್ಡಿನ ಕಾರಿಡಾರಿನಲ್ಲಿ ನಿನ್ನನ್ನು ನಿಲ್ಲಿಸಿ ಕೇಳಿದರಂತೆ. ನೀನು, “ಗೊತ್ತಿಲ್ಲ ಡಾಕ್ಟ್ರೇ, ನಾನು ಕಣ್ಣು ಮುಚ್ಕೊಂಡಿರ್ತೀನಿ” ಎಂದೆಯಂತೆ.

ಇದು ನನಗೆ ಗೊತ್ತಿರಲಿಲ್ಲ ಅಮ್ಮ.

ಮತ್ತೆ ಹಾಸಿಗೆ ಖಾಲಿಯಾದಾಗ ಕರೆಯುತ್ತಾರೆ. ಸಾಲು ಉದ್ದವಿದೆ. ಕರೆದರೆ ತಕ್ಷಣ ಹೋಗುವಷ್ಟು ಹತ್ತಿರದಲ್ಲಿರಬೇಕು. ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸವಿದೆ.

ನೊಯೆಮಿ


ಪೊಸೊವೆರ್ದೆ, 28 ಮಾರ್ಚ್ 1999

ಮಗಳೇ,

ಕಾಗದ ಬಂತು. ಬಸ್ ಡ್ರೈವರ್ ಕುಸ್ತೋದಿಯೊ ಮನೆಯವರೆಗೂ ಬಂದು ಕೊಟ್ಟು, ಕಾಫಿ ಕುಡಿದು ಹೋದ. ಅವನ ಕೈಯಲ್ಲಿ ಈ ಡಬ್ಬ ಕಳಿಸುತ್ತಿದ್ದೇನೆ. ಅದರಲ್ಲಿ ಮೆಕ್ಕೆಜೋಳದ ಅರೆಪ ರೊಟ್ಟಿಗಳಿವೆ, ಗಿಣ್ಣಿದೆ, ಉಣ್ಣೆಯ ಕಾಲುಚೀಲವಿದೆ. ತುಲಿಯಳ ಮನೆಯ ಕಿಟಕಿಗಳಿಗೆ ಸಂದಿ ಇದೆ, ನಿಮ್ಮಪ್ಪ ಇದ್ದಾಗಲೇ ಹೇಳುತ್ತಿದ್ದರು. ಕಿಟಕಿಯ ಹತ್ತಿರ ಮಲಗಬೇಡ. ಅವಳು ಬೆಳಿಗ್ಗೆ ಬರಿ ಕಾಫಿ ಕುಡಿದು ಕೆಲಸಕ್ಕೆ ಕೂರುವವಳು. ನೀನು ಹಾಲು ಮೊಟ್ಟೆಯ ಸಾರು ಕುಡಿಯದೆ ಮಾತ್ರೆ ನುಂಗಬೇಡ.

ಈ ಸಲ ಮಡಕೆ ಸುಟ್ಟ ಆವಿಗೆ ಕೆಟ್ಟಿತು. ಕಲ್ಲಿದ್ದಲು ಒದ್ದೆಯಿತ್ತು, ಮೇಲಿನ ಸಾಲಿನ ಹೂಜಿಗಳು ಸೀಳಿದವು. ನೀನು ಹಿಡಿ ಕೂರಿಸಿಟ್ಟು ಹೋಗಿದ್ದ ಮಡಕೆಗಳನ್ನು ನಾನು ಸುಡಲಿಲ್ಲ. ಹಸಿಬಟ್ಟೆ ಸುತ್ತಿ ಮೂಲೆಯಲ್ಲಿಟ್ಟಿದ್ದೇನೆ. ಬಂದ ಮೇಲೆ ನೀನೇ ನಯಮಾಡು.

ಊರವರು ಕೇಳಿದರೆ ಹೊಲಿಗೆ ಕಲಿಯಲು ಹೋಗಿದ್ದಾಳೆ ಎಂದಿದ್ದೇನೆ. ನೀನೂ ಹಾಗೇ ಹೇಳು.

ಆ ನರ್ಸು ಹುಡುಗಿ, ನಿನಗೆ ಅದು ಬಂದ ಕೂಡಲೇ ಹಾಸಿಗೆಯ ಪಕ್ಕದ ಕರೆಗಂಟೆಯ ಗುಂಡಿ ಒತ್ತಬೇಕೆಂದು ನನಗೆ ಸರಿಯಾಗಿಯೇ ಹೇಳಿಕೊಟ್ಟಿದ್ದಳು, ಅವಳ ತಪ್ಪಿಲ್ಲ. ನನಗದು ನೆನಪೂ ಇತ್ತು. ಕೈ ಎರಡೇ ಇದ್ದದ್ದು.

ನಿನ್ನ ಅಮ್ಮ,
ಎರ್ಮೆನ್ಸಿಯ


ಬೊಗೊಟಾ, 2 ಮೇ 1999

ಅಮ್ಮಾ,

ಅರೆಪ ಬಂದವು. ಅತ್ತೆ ಅರ್ಧ ತಿಂದು, “ನಿನ್ನಮ್ಮನ ನಾಲಿಗೆ ಎಷ್ಟೇ ಖಾರ ಇರ್ಲಿ, ಕೈ ಮಾತ್ರ ಬಂಗಾರ” ಎಂದರು. ಹಾಗೇ ಬರೆ ಎಂದದ್ದರಿಂದ ಬರೆದಿದ್ದೇನೆ.

ಕಳೆದ ಮಂಗಳವಾರ ಅಂಗಡಿಯಲ್ಲಿ ನನಗೆ ಮೂರ್ಛೆ ಬಂತು. ಗಾಬರಿಯಾಗಬೇಡ, ಬೀಳಲಿಲ್ಲ, ನಾಲಿಗೆ ಕಚ್ಚಿಕೊಳ್ಳಲಿಲ್ಲ. ಅತ್ತೆ ಇದ್ದರು. ಮಗನ ಪ್ಯಾಂಟು ಚಿಕ್ಕದು ಮಾಡಿಸಲು ಬಂದ ಒಬ್ಬ ಹೆಂಗಸೂ ಇದ್ದಳು. ನಾನು ಎಚ್ಚರವಾದಾಗ ಮುಖದ ಮೇಲೆ ಏನೂ ಇರಲಿಲ್ಲ. ಅದೇ ನನಗೆ ಮೊದಲು ತಿಳಿದದ್ದು. ಪ್ರತಿಸಲ ಕಣ್ಣು ಬಿಟ್ಟಾಗ ಕತ್ತಲೆ, ಉಣ್ಣೆಯ ವಾಸನೆ, ನಿನ್ನ ದನಿ. ಈ ಸಲ ಟ್ಯೂಬ್‌ಲೈಟ್ ಇತ್ತು, ಗೋಡೆಯ ಕ್ಯಾಲೆಂಡರ್ ಇತ್ತು. ಆ ಹೆಂಗಸು ಪ್ಯಾಂಟು ಹಿಡಿದುಕೊಂಡು ಹಾಗೇ ನಿಂತಿದ್ದಳು.

ನಾನೇನು ಮಾಡಿದೆ ಎಂದು ಅತ್ತೆಯನ್ನು ಕೇಳಿದೆ.

“ಏನ್ ಮಾಡ್ದೆ? ಕತ್ತರಿ ಜೋಪಾನವಾಗಿ ಕೆಳಗಿಟ್ಟೆ. ಗೋಡೆ ನೋಡ್ದೆ. ಆಮೇಲೆ ಬಾಯಿ ಚಪ್ಪರಿಸ್ದೆ, ಸಾರಿಗೆ ಉಪ್ಪು ಸಾಕಾ ಅಂತ ನೋಡೋರ ಥರ. ಒಂದು ಕೈ ಮರದ ಹಾಗೆ ಬಿಗಿದುಕೊಳ್ತು. ಇನ್ನೊಂದರಲ್ಲಿ ಲಂಗ ಸವರ್ತಾ ಇದ್ದೆ, ಇಸ್ತ್ರಿ ಹಾಕೋ ಹಾಗೆ. ನಂಗೆ ನಗು ಬಂತು ಕಣೇ, ಕೆಲ್ಸಗಳ್ಳಿ ಇವತ್ತಾದ್ರೂ ಇಸ್ತ್ರಿ ಮಾಡ್ತಿದಾಳಲ್ಲ ಅಂತ.”

“ಆಮೇಲೆ?”

“ಆಮೇಲೇನು? ಮೂಗು ಒರೆಸ್ಕೊಂಡೆ. ಗುಂಡಿ ಎಲ್ಲಿ ಅಂದೆ. ಅಷ್ಟೇ.”

“ಅಷ್ಟೇನಾ?”

“ಇನ್ನೇನು ಬೇಕಾಗಿತ್ತು ನಿಂಗೆ, ಬ್ಯಾಂಡ್ ಸೆಟ್ಟಾ?”

ಅತ್ತೆಗೆ ಯಾವ ಕೈ ಎಂದು ಹೇಳಲಾಗಲಿಲ್ಲ. ಎದುರಿಗೆ ನಿಂತಿದ್ದರು, ಮೊದಲು ಬಲ ಎಂದರು, ಅಲ್ಲ ಎಡ ಎಂದರು, ಆಮೇಲೆ ತಿರುಗಿ ನಿಂತು ಮತ್ತೆ ಬಲ ಎಂದರು. ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಇದರಿಂದ ತಲೆ ಕೊಯ್ಯಲಾಗುವುದಿಲ್ಲ, ಕ್ಯಾಮೆರಾದಲ್ಲೇ ಬರಬೇಕು ಎಂದರು. ಕೆಲವೊಮ್ಮೆ ಇದು ದೊಡ್ಡದಾಗಿ ಬಂದು ನಾನು ಬೀಳುವುದೂ ಉಂಟಂತೆ. ಆದರೆ ಹೆಚ್ಚಿನವು ಹೀಗೇ ಇರುತ್ತವಂತೆ, ಚಿಕ್ಕವು.

ಹೆಚ್ಚಿನವು ಹೀಗೇ ಇದ್ದವೇ ಅಮ್ಮ? ನಾನು ಯಾರನ್ನು ಕೇಳಲಿ?

ಅವೆಲಿನೊ ನೆನಪಾದ. ನಮ್ಮ ನಿಶ್ಚಿತಾರ್ಥವಾಗಿ ಒಂದು ತಿಂಗಳಾಗಿತ್ತು, ಚರ್ಚಿನ ಮೆಟ್ಟಿಲ ಮೇಲೆ ನನಗೆ ಬಂತು. ಅವನು ಕಂಡದ್ದು ಶಾಲು ಮಾತ್ರ. ಅದರೊಳಗೆ ಏನೋ ಅಲುಗುತ್ತಿತ್ತು, ಸಾಯುವವರ ಹತ್ತಿರ ಹೇಳುವ ಆ ವಿಶ್ವಾಸ ಪ್ರಾರ್ಥನೆಯನ್ನು ನೀನು ಮೇಲಿನಿಂದ ಹೇಳುತ್ತಿದ್ದೆ. ಮರುದಿನ ಅವನು ಬಂದು ಕೇಳಿದ, “ಶಾಲಿನೊಳಗೆ ನಿಂಗೆ ಏನಾಗತ್ತೆ ನೊಯೆಮಿ?” ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. ಬಾಯಿ ಚಪ್ಪರಿಸುತ್ತೇನೆ, ಲಂಗ ಸವರಿಕೊಳ್ಳುತ್ತೇನೆ ಎನ್ನುತ್ತಿದ್ದೆ. ಅವನು ನಗುತ್ತಿದ್ದನೋ ಏನೋ. ಗೊತ್ತಿಲ್ಲ ಎಂದೆ. ಅವನು ತನ್ನಷ್ಟಕ್ಕೆ ಏನನ್ನು ಊಹಿಸಿಕೊಂಡನೋ, ಅದರ ಜೊತೆ ಸಂಸಾರ ಮಾಡಲು ಯಾರಿಗೆ ಧೈರ್ಯವಿರುತ್ತದೆ?

ಈ ಕಾಗದಕ್ಕೆ ಆವಿಗೆಯ ಸುದ್ದಿ ಬರೆದು ಕಳಿಸಬೇಡ.

ನೊಯೆಮಿ


ಪೊಸೊವೆರ್ದೆ, 6 ಜೂನ್ 1999

ಮಗಳೇ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು, ನಿನ್ನ ಮೇಲಲ್ಲ, ನನ್ನ ನಾದಿನಿಯ ಮೇಲೆ. ಮಗು ಮೈಮೇಲೆ ಎಚ್ಚರವಿಲ್ಲದೆ ಕೂತಿರುವಾಗ ನಗುವವಳು. ಅಂಗಡಿಯ ಬಾಗಿಲನ್ನಾದರೂ ಮುಚ್ಚಬಾರದಿತ್ತೇ? ಪ್ಯಾಂಟು ತಂದವಳು ಬೀದಿಯಲ್ಲೆಲ್ಲ ಹೇಳಿರುತ್ತಾಳೆ.

ನಮ್ಮಲ್ಲಿ ಯಾವ ಹೆಂಗಸಾದರೂ ಮುಚ್ಚುತ್ತಾಳೆ. ಕುಡಿದು ದಾರಿಯಲ್ಲಿ ಬಿದ್ದ ಗಂಡನ ಮೇಲೆ ಶಾಲು ಹೊದಿಸಿ ಪಕ್ಕದಲ್ಲಿ ಕೂರುತ್ತಾಳೆ. ಅವನು ಅವಳಿಗೆ ಹೊಡೆದು ಬಂದಿದ್ದರೂ ಹೊದಿಸುತ್ತಾಳೆ. ಬಸ್ಸಿನಲ್ಲಿ ಹೆರಿಗೆ ನೋವು ಬಂದವಳಿಗೂ ಹಾಗೆಯೇ. ನನ್ನ ಅಮ್ಮ ನನಗೆ ಕಲಿಸಿದ್ದು ಇದನ್ನೇ. ಆದರೆ ನನ್ನ ಅಮ್ಮನಿಗೂ ಒಂದು ಸಲ ತಡವಾಯಿತು. ಅದನ್ನು ನಿನಗೆ ಹೇಳಿಲ್ಲ.

ನನಗೆ ಒಬ್ಬ ಅಣ್ಣನಿದ್ದ, ಲಿಸೀಮಕೊ. ಜ್ವರ ಬಂದು ಸತ್ತ ಎಂದು ನಿನಗೆ ಹೇಳಿದ್ದೆ. ಅವನಿಗೆ ನಿನ್ನ ಹಾಗೆಯೇ ಆಗುತ್ತಿತ್ತು. ಹದಿನೇಳು ವರ್ಷದವನು, ಎರಡು ಕೈಯಲ್ಲಿ ಎರಡು ದೊಡ್ಡ ಹಂಡೆ ಎತ್ತುತ್ತಿದ್ದ. ಆವಿಗೆ ಉರಿಯುತ್ತಿದ್ದಾಗ ಅದರ ಬಾಯಿಯ ಹತ್ತಿರ ಬಿದ್ದ. ಬೀಳುವ ಕಾಯಿಲೆಯವರ ನೊರೆ ತಾಗಿದರೆ ಅಂಟುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಊರು ಊರೇ ಸುತ್ತ ನಿಂತಿತು. ಎಲ್ಲರೂ ನೋಡಿದರು, ಯಾರೂ ಮುಟ್ಟಲಿಲ್ಲ. ಅಮ್ಮ ಮೇಲಿನ ಹೊಲದಿಂದ ಓಡಿ ಬರುವಷ್ಟರಲ್ಲಿ ಅವನ ಒಂದು ಕಡೆ ಸುಟ್ಟುಹೋಗಿತ್ತು. ಒಂದು ವಾರ ಇದ್ದ.

ನೋಡಿದವರು ನೋಡಿದ್ದನ್ನು ಮರೆಯಲಿಲ್ಲ. ನಾನು ಮದುವೆಯಾದ ಮೇಲೂ, ತೇಹೊ ಆಟದ ಬಿಲ್ಲೆ ಎಸೆಯುವ ಅಂಗಳದಲ್ಲಿ ಬಿಯರ್ ಏರಿದವರು ನೆಲದ ಮೇಲೆ ಬಿದ್ದು ಲಿಸೀಮಕೊ ಹೇಗೆ ಕೈಕಾಲು ಬಡಿದನೆಂದು ಮಾಡಿ ತೋರಿಸುತ್ತಿದ್ದರು. ಜನ ನಗುತ್ತಿದ್ದರು. ನಿಮ್ಮಪ್ಪ ಒಬ್ಬನ ಹಲ್ಲು ಮುರಿದು ಪೊಲೀಸು ಠಾಣೆಯಲ್ಲಿ ಕೂತದ್ದು ಅದಕ್ಕೇ.

ನಿನಗೆ ಮೊದಲ ಸಲ ಬಂದಾಗ ನೀನು ಶಾಲೆಯ ಬಟ್ಟೆಯಲ್ಲಿದ್ದೆ. ನಾನು ಮುಟ್ಟಿದೆ, ಮುಚ್ಚಿದೆ. ನಿನ್ನನ್ನು ಯಾರೂ ಅಂಗಳದಲ್ಲಿ ಮಾಡಿ ತೋರಿಸಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಇಲ್ಲ.

ಅವೆಲಿನೊನ ಮಾತು ತೆಗೆದಿದ್ದೀಯ. ಹೋದ ತಿಂಗಳು ಹೂಜಿ ಕೊಳ್ಳಲು ಬಂದಿದ್ದ, ಕೂದಲು ಉದುರಿದೆ. ನೊಯೆಮಿ ಹೇಗಿದ್ದಾಳೆ ಎಂದ. ಹೊಲಿಗೆ ಕಲಿಯುತ್ತಿದ್ದಾಳೆ ಎಂದೆ. ಮತ್ತೇನನ್ನೋ ಕೇಳುವವನ ಹಾಗೆ ನಿಂತಿದ್ದು, ಕೇಳದೆ ಹೋದ. ಆಗ ನಾನು ಅವನನ್ನು ಹಿಂದಕ್ಕೆ ಕರೆಯಬಹುದಿತ್ತು, ಕರೆಯಲಿಲ್ಲ.

ನಿನ್ನ ಅಮ್ಮ,
ಎರ್ಮೆನ್ಸಿಯ


ಬೊಗೊಟಾ, 11 ಜುಲೈ 1999

ಅಮ್ಮಾ,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ, ಅವರನ್ನು ಬೈದಿರುವ ಸಾಲುಗಳನ್ನು ಬಿಟ್ಟು. “ಬಿಟ್ಟಿದ್ದನ್ನೂ ಓದು, ನಿನ್ನಮ್ಮನ್ನ ನಾನು ನೋಡಿಲ್ವಾ?” ಎಂದರು. ಓದಿದೆ. ಲಿಸೀಮಕೊ ಮಾವನ ವಿಷಯ ಅವರಿಗೆ ಗೊತ್ತಿತ್ತು. ನನಗೆ ಹೇಳಬಾರದೆಂದು ಅಪ್ಪ ಆಣೆ ಹಾಕಿಸಿದ್ದರಂತೆ. ಆ ದಿನ ಸುತ್ತ ನಿಂತವರಲ್ಲಿ ನೀನೂ ಇದ್ದೆಯಾ ಎಂದು ನೀನು ಬರೆದಿಲ್ಲ, ನಾನು ಕೇಳುವುದಿಲ್ಲ. ಅತ್ತೆಯ ಲೆಕ್ಕದಲ್ಲಿ ಆಗ ನಿನಗೆ ಒಂಬತ್ತು ವರ್ಷ, ಅಷ್ಟು ಚಿಕ್ಕ ಹುಡುಗಿಗೆ ಅಲ್ಲಿ ಏನು ಮಾಡಲು ಸಾಧ್ಯವಿತ್ತು?

ನಾನು ಸಿಟ್ಟಿನಲ್ಲಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ನಿಜವಾದದ್ದು ನಿಜವೇ. ಆದರೆ ಬರೆಯುವಾಗ ನನಗೆ ಅರ್ಧವೇ ಗೊತ್ತಿತ್ತು.

ಈಗ ಸುದ್ದಿ. ಆಸ್ಪತ್ರೆಯಿಂದ ಕರೆ ಬಂದಿದೆ. ಆಗಸ್ಟ್ 23ಕ್ಕೆ ಮಲಗಿಸಿಕೊಳ್ಳುತ್ತಾರೆ, ಒಂದು ವಾರ. ಈ ಸಲವೂ ಏನೂ ಸಿಗದಿದ್ದರೆ ನನ್ನ ಕಡತ ಮುಚ್ಚಿ ಬೇರೆಯವರಿಗೆ ಹಾಸಿಗೆ ಕೊಡುತ್ತಾರೆ. ಡಾಕ್ಟರಮ್ಮ ಇದನ್ನು ಬೇಸರದಿಂದಲೇ ಹೇಳಿದರು. ಇನ್ನೊಂದನ್ನೂ ಹೇಳಿದರು. ನಾನು ಇಪ್ಪತ್ತು ವಯಸ್ಸಿನ ಒಳಗೇ ಆಸ್ಪತ್ರೆಗೆ ಬಂದಿದ್ದರೆ ಕೆಲಸ ಸುಲಭವಿತ್ತಂತೆ. ಪ್ರತಿ ಮೂರ್ಛೆಯೂ ನೆನಪಿನ ಜಾಗವನ್ನು ಸ್ವಲ್ಪ ಸ್ವಲ್ಪ ಸವೆಸಿರುತ್ತದೆ, ಹೋದದ್ದು ಆಪರೇಶನ್ ಆದರೂ ಬರುವುದಿಲ್ಲ. ನಾನದನ್ನು ಗಮನಿಸಿದ್ದೇನೆ. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುತ್ತಾರಲ್ಲ ಪುಟ್ಟ ಲೋಹದ ಟೋಪಿ, ಅದರ ಹೆಸರು ಅತ್ತೆ ದಿನಾ ಹೇಳುತ್ತಾರೆ, ದಿನಾ ಹೋಗುತ್ತದೆ. ಈ ಕಾಗದದಲ್ಲಿ ಬರೆಯಲು ಕೇಳಿಕೊಂಡೆ. ಬರೆಯುವಷ್ಟರಲ್ಲಿ ಮತ್ತೆ ಹೋಯಿತು.

ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಮನೆಯವರು ಒಬ್ಬರೇ ಇರಬೇಕು. ಹೆಸರು ಮೊದಲೇ ಕೊಡಬೇಕು, ನಡುವೆ ಬದಲಾಯಿಸುವಂತಿಲ್ಲ. ಅತ್ತೆ, “ನಾನು ಕೂರ್ತೀನಿ, ಅಂಗಡಿಗೆ ಬೀಗ ಹಾಕ್ತೀನಿ” ಎನ್ನುತ್ತಿದ್ದಾರೆ. ಆದರೆ ನೀನು ಬಾ ಎಂದು ಕೇಳಲು ಬರೆಯುತ್ತಿದ್ದೇನೆ. ಅದು ಬರುವುದು ಯಂತ್ರಕ್ಕೂ ಮೊದಲು ನಿನಗೆ ಗೊತ್ತಾಗುತ್ತದೆ. ಗ್ಲಾದಿಸ್ ಕೂಡ ಹೇಳಿದಳು, “ನಿಮ್ಮಮ್ಮ ಗುಂಡಿ ಒತ್ತಿದ್ರೆ ನಮಗೆ ಅದಕ್ಕಿಂತ ಭಾಗ್ಯ ಇಲ್ಲ, ಒತ್ತಬೇಕಲ್ಲ!”

ಮಾಡಬೇಕಾದದ್ದು ಹೀಗೆ. ಗುಂಡಿ ಒತ್ತಬೇಕು. ನನ್ನ ಮೇಲೆ ಹೊದಿಕೆ ಇದ್ದರೆ ಎಳೆದು ತೆಗೆಯಬೇಕು. ಗೋಡೆಯ ಕಡೆ ಸರಿದು ನಿಲ್ಲಬೇಕು. ನಿನ್ನ ಹೆಸರೇನು ಎಂದು ನನ್ನನ್ನು ಕೇಳಬೇಕು, ನಾನು ಉತ್ತರ ಕೊಡದಿದ್ದರೂ ಕೇಳುತ್ತಿರಬೇಕು. ಕೈ ಎತ್ತು ಎನ್ನಬೇಕು. ಮುಟ್ಟಬಾರದು. ಕಣ್ಣು ತೆರೆದಿರಬೇಕು.

ಕುರ್ಚಿ ನಿನ್ನದು ಅಮ್ಮ. ಬರುತ್ತೇನೆ ಎಂದು ಬರೆ.

ನೊಯೆಮಿ


ಬೊಗೊಟಾ, 5 ಆಗಸ್ಟ್ 1999

ಅಮ್ಮಾ,

ನೀನು ಬರೆಯಲಿಲ್ಲ. ಕುಸ್ತೋದಿಯೊ ಬರಿ ಡಬ್ಬ ತಂದುಕೊಟ್ಟ. ಅದರಲ್ಲಿ ಚೀಟಿಯಿದೆಯೇ ಎಂದು ಅರೆಪಗಳನ್ನೆಲ್ಲ ಎತ್ತಿ ನೋಡಿದೆ. “ಅಮ್ಮ ಚೆನ್ನಾಗಿದಾಳಾ?” ಎಂದು ಕೇಳಿದರೆ, “ಚೆನ್ನಾಗಿದಾರೆ, ನನ್ನ ಜೊತೆ ಜಗಳ ಆಡಿದ್ರು” ಎಂದ. ಆದ್ದರಿಂದ ಚೆನ್ನಾಗಿದ್ದೀಯ.

ಮುಂದಿನ ವಾರ ಮುಗಿಯುವುದರೊಳಗೆ ಹೆಸರು ಕೊಡಬೇಕು. ಬೇಸರವಾಗಿದ್ದರೆ ಬೇಸರವಾಗಿದೆ ಎಂದೇ ಬರೆ.

ನೊಯೆಮಿ


ಪೊಸೊವೆರ್ದೆ, 10 ಆಗಸ್ಟ್ 1999

ಮಗಳೇ,

ಬೇಸರವಲ್ಲ. ಬರುತ್ತೇನೆ ಎಂದು ಎರಡು ಸಲ ಬರೆದು ಹರಿದೆ. ಬರುವ ಮೊದಲು ಒಂದನ್ನು ತಿಳಿದುಕೊಳ್ಳಬೇಕಾಗಿತ್ತು.

ನಿನ್ನ ಕಾಗದ ಬಂದ ದಿನದಿಂದ ನಾನು ಅಭ್ಯಾಸ ಮಾಡಿದೆ. ನಗಬೇಡ. ನಿನ್ನ ಮಂಚದ ಮೇಲೆ ದಿಂಬು ಮಲಗಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಗೋಡೆಯ ಕಡೆ ಸರಿದು, ನಿನ್ನ ಹೆಸರೇನು, ಕೈ ಎತ್ತು ಎಂದು ದಿಂಬನ್ನು ಕೇಳಿದೆ. ಪಕ್ಕದ ಮನೆಯ ರೊಸಾಲ್ಬ ಬಾಗಿಲಲ್ಲಿ ನಿಂತು ನೋಡಿ, ಗಂಡನಿಗೆ ಹೋಗಿ ಹೇಳಿದಳಂತೆ, ಎರ್ಮೆನ್ಸಿಯಮ್ಮ ಒಬ್ಬಳೇ ಇದ್ದೂ ಇದ್ದೂ ಹೀಗಾದಳು ಎಂದು. ಆದರೂ ಬಿಡಲಿಲ್ಲ. ಚೆನ್ನಾಗಿಯೇ ಬಂತು. ದಿಂಬಿನ ಮುಂದೆ ನನ್ನ ಕೈ ಹೇಳಿದ ಹಾಗೆ ಕೇಳಿತು.

ಹೋದ ಭಾನುವಾರ ಚರ್ಚಿನಲ್ಲಿ ಪೂಜೆಯ ನಡುವೆ ಇದೇ ರೊಸಾಲ್ಬ ತಲೆಸುತ್ತಿ ಬಿದ್ದಳು. ಬಸುರಿ, ಖಾಲಿ ಹೊಟ್ಟೆಯಲ್ಲಿ ಬಂದಿದ್ದಳು, ಅದಕ್ಕಿಂತ ಹೆಚ್ಚೇನಿಲ್ಲ. ಅವಳು ನನಗಿಂತ ಮೂರು ಸಾಲು ಮುಂದಿದ್ದಳು. ನಾನು ಯಾವಾಗ ಎದ್ದೆ, ಯಾರನ್ನು ದಾಟಿದೆ, ಒಂದೂ ಗೊತ್ತಿಲ್ಲ. ಗೊತ್ತಾದಾಗ ನಾನು ನೆಲದ ಮೇಲೆ ಮಂಡಿಯೂರಿದ್ದೆ, ನನ್ನ ಶಾಲು ಅವಳ ಮೇಲಿತ್ತು, ಕಣ್ಣು ಮುಚ್ಚಿತ್ತು. ಒಳಗಿನಿಂದ ಅವಳು ಕೂಗುತ್ತಿದ್ದಳು, “ಎರ್ಮೆನ್ಸಿಯಮ್ಮಾ, ಉಸಿರು ಕಟ್ತಿದೆ, ತೆಗೀರಿ! ನಾನಿನ್ನೂ ಸತ್ತಿಲ್ಲ!” ಪಾದ್ರಿಗಳೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೂತ ಮೇಲೆ ನಗು ನಿಂತಿತು.

ಆದ್ದರಿಂದ ಕುರ್ಚಿಗೆ ತುಲಿಯಳ ಹೆಸರು ಬರೆಸು. ಇದನ್ನು ಯೋಚಿಸಿಯೇ ಹೇಳುತ್ತಿದ್ದೇನೆ. ನಿನಗೆ ಅದು ಬರುತ್ತಿದ್ದರೆ ನನಗೆ ಗೊತ್ತಾಗುತ್ತದೆ, ನಿಜ. ಆದರೆ ಗೊತ್ತಾದ ಮೇಲೆ ನಾನು ಅಲ್ಲಿರುವುದಿಲ್ಲ. ನೀನು ಹೇಗೆ ಇರುವುದಿಲ್ಲವೋ ಹಾಗೆ. ನನ್ನನ್ನು ಅಲ್ಲಿ ಕೂರಿಸಿದರೆ ಈ ಸಲವೂ ನಿನಗೆ ನನ್ನ ಬೆನ್ನೇ ಕಾಣುತ್ತದೆ, ಮತ್ತೊಂದು ಸಲ ಇಲ್ಲ. ತುಲಿಯ ನಗುವವಳು. ನಗುವವಳ ಕಣ್ಣು ತೆರೆದಿರುತ್ತದೆ. ನಾನು ಬೈದದ್ದನ್ನು ಅವಳಿಗೆ ಓದಿ ಹೇಳಿದ್ದೀಯ, ಇದನ್ನೂ ಓದಿ ಹೇಳು. ಬಲಗೈಗೆ ಒಂದು ಬಳೆ ಹಾಕಿಕೊಂಡು ಕೂರಲಿ, ಎಡಬಲ ಮರೆಯದಿರಲು.

ನೀನು ಕೇಳಿದ್ದೆ, ಹೆಚ್ಚಿನವು ಚಿಕ್ಕವೇ ಆಗಿದ್ದವಾ ಎಂದು. ಮಗಳೇ, ನಾನು ಹೇಗೆ ಹೇಳಲಿ? ಶಾಲಿನ ಮೇಲಿನಿಂದ ಎಲ್ಲವೂ ಒಂದೇ. ನಾನು ಪ್ರತಿಸಲವೂ ಲಿಸೀಮಕೊನನ್ನೇ ಮುಚ್ಚುತ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ಲಂಗ ಸವರುವುದು, ಉಪ್ಪು ನೋಡುವುದು, ಇವೇ ತಲೆಯಲ್ಲಿ ಸುತ್ತುತ್ತಿವೆ. ಅದು ನಿಮ್ಮಪ್ಪನ ಅಮ್ಮ ಒಲೆಯ ಮುಂದೆ ನಿಲ್ಲುತ್ತಿದ್ದ ರೀತಿ. ಇಷ್ಟು ವರ್ಷ ನನ್ನ ಕೈಯ ಕೆಳಗೇ ಇತ್ತು. ಇಷ್ಟು ಚಿಕ್ಕದಕ್ಕೆ ನಾನು ಸಾವಿನ ಪ್ರಾರ್ಥನೆ ಹೇಳಿದೆ, ಒಬ್ಬ ಒಳ್ಳೆಯ ಹುಡುಗ ಹೆದರಿ ಹೋದ, ನಿನಗೆ ಮಾತುಗಳು ಮರೆತುಹೋಗುತ್ತಿವೆ.

ಒಂದನ್ನು ಕೇಳುತ್ತೇನೆ. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಿನ್ನನ್ನು ಟೀವಿಯ ಕೋಣೆಗೆ ಕರೆದು ತೋರಿಸುತ್ತಾರಲ್ಲ, ಆಗ ನಾನೂ ಪಕ್ಕದಲ್ಲಿ ಕೂರಬಹುದೇ ಎಂದು ಅವರನ್ನು ಕೇಳು. ಟೀವಿಯ ಗಾಜಿನ ಹಿಂದೆ ಇರುವುದನ್ನು ಮುಚ್ಚಲು ನನ್ನಿಂದಾಗುವುದಿಲ್ಲ. ನೀನೂ ನೋಡಿಲ್ಲ, ನಾನೂ ನೋಡಿಲ್ಲ.

ಸೆಪ್ಟೆಂಬರ್ ಮೊದಲ ಗುರುವಾರದ ಬಸ್ಸಿಗೆ ಬರುವುದೆಂದು ತೀರ್ಮಾನಿಸಿದ್ದೇನೆ. ಕುಸ್ತೋದಿಯೊನಿಗೆ ಸೀಟು ಹಿಡಿದಿಡು ಎಂದು ಇನ್ನೂ ಹೇಳಿಲ್ಲ. ಈ ಕಾಗದ ಅವನ ಕೈಗೆ ಕೊಡುವಾಗ ಹೇಳುತ್ತೇನೆ.

ನಿನ್ನ ಅಮ್ಮ,
ಎರ್ಮೆನ್ಸಿಯ